ದೊಡ್ಡ ಟಿವಿ: ಇಂಚಿನ ಲೆಕ್ಕ, ಮನೆಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಆಮೇಲೆ ಸಿದ್ಧೇಶ್ವರ ಗುಡಿ ಸುತ್ತಿನ ನಮ್ಮ ಓಣಿಗಳಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತ ಆಟೋಗಳು ಕಾಣತೊಡಗಿದವು. ನಮ್ಮ ಮನೆಗೂ 50 ಇಂಚಿನ ಟಿವಿ ಬಂತು. "ನೀನು ಕಾಮರ್ಸ್ ಓದುತ್ತೀಯಲ್ಲ, ಲೆಕ್ಕ ನೀನೇ ನೋಡು" ಎಂದು ಅಬ್ಬಾ ಹೇಳಿದ್ದರಿಂದ ಕೊಳ್ಳುವ ಮೊದಲು ಎರಡು ವಾರ ಇದರ ಹಿಂದೆ ಬಿದ್ದಿದ್ದೆ. ತಿಳಿದ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲದರ ಸಾರ ಇಷ್ಟೇ: ಟಿವಿ ನಮಗೆ ಸರಿಯೋ ಅಲ್ಲವೋ ಎಂಬುದನ್ನು ಅಂಗಡಿಯ ಗೋಡೆ ಹೇಳುವುದಿಲ್ಲ, ನಮ್ಮ ಮನೆ ಹೇಳುತ್ತದೆ.

ಶೇ. 10 ಇಳಿಯಿತೇ?

ಮೊದಲು ತೆರಿಗೆಯ ಲೆಕ್ಕ ನೋಡೋಣ. "ಹತ್ತು ಪರ್ಸೆಂಟ್ ಕಡಿಮೆಯಾಗಿದೆ" ಎಂದು ಎಲ್ಲರೂ ಹೇಳುತ್ತಾರೆ. ಒಂದು ಟಿವಿಯ ತೆರಿಗೆ ಇಲ್ಲದ ಬೆಲೆ 30,000 ರೂಪಾಯಿ ಎಂದುಕೊಳ್ಳಿ. ಶೇ. 28 ಸೇರಿಸಿದರೆ 38,400 ರೂಪಾಯಿ, ಶೇ. 18 ಸೇರಿಸಿದರೆ 35,400 ರೂಪಾಯಿ. ಉಳಿಯುವುದು 3,000. ಇದು ಹಳೆಯ ಬೆಲೆಯಾದ 38,400ರಲ್ಲಿ ಶೇ. 7.8 ಮಾತ್ರ. ಇಳಿದದ್ದು ತೆರಿಗೆಯ ದರದ 10 ಅಂಶ, ನಾವು ಕೊಡುವ ಹಣದ ಶೇ. 10 ಅಲ್ಲ. 32 ಇಂಚು ಮತ್ತು ಅದಕ್ಕಿಂತ ಚಿಕ್ಕ ಟಿವಿಗಳಿಗೆ 2019ರಿಂದಲೇ ಶೇ. 18 ಇತ್ತು, ಆದ್ದರಿಂದ ಅವುಗಳಿಗೆ ಈ ಇಳಿಕೆ ಇಲ್ಲ.

ಇಂಚು ಎಂದರೆ ಯಾವ ಅಳತೆ?

2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದ ರಾತ್ರಿ ನಾವು ಹದಿನಾಲ್ಕು ಜನ ನಮ್ಮ ಹಳೆಯ 32 ಇಂಚಿನ ಟಿವಿಯ ಮುಂದೆ ಕುಳಿತಿದ್ದೆವು. ದಾದೀಮಾಗೆ ಸ್ಕೋರ್ ಕಾಣದೆ ಪ್ರತಿ ಓವರ್‌ಗೂ "ಕಿತ್ತೇ ಹುಯೇ?" ಎಂದು ಕೇಳುತ್ತಿದ್ದರು. ದೊಡ್ಡ ಟಿವಿಯ ಮಾತು ನಮ್ಮ ಮನೆಯಲ್ಲಿ ಶುರುವಾದದ್ದು ಹಾಗೆ.

ಟಿವಿಯ ಇಂಚು ಅದರ ಅಗಲವಲ್ಲ, ಎತ್ತರವೂ ಅಲ್ಲ. ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹಿಡಿದ ಅಳತೆ. 32 ಇಂಚಿನ ಪರದೆ ಸುಮಾರು 71 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ ಇರುತ್ತದೆ. 50 ಇಂಚಿನದು ಸುಮಾರು 111 ಸೆಂ.ಮೀ. ಅಗಲ, 62 ಸೆಂ.ಮೀ. ಎತ್ತರ. 32ರಿಂದ 50ಕ್ಕೆ ಹೋದರೆ ಒಂದೂವರೆ ಪಟ್ಟು ಎಂದು ಅನಿಸುತ್ತದೆ. ಆದರೆ ವಿಸ್ತೀರ್ಣ ಹೆಚ್ಚುವುದು ಇಂಚಿನ ವರ್ಗದಂತೆ. 50ನ್ನು 32ರಿಂದ ಭಾಗಿಸಿ ಬಂದದ್ದನ್ನು ಅದರಿಂದಲೇ ಗುಣಿಸಿ: 2.44. ಅಂದರೆ ಪರದೆ ಎರಡೂವರೆ ಪಟ್ಟಿನ ಹತ್ತಿರ ದೊಡ್ಡದು.

ಎಷ್ಟು ದೂರ ಕೂರಬೇಕು?

ಆರಾಮಾಗಿ ನೋಡಲು ಪರದೆಯ ಅಗಲ ನಮ್ಮ ಕಣ್ಣಿಗೆ ಸುಮಾರು 30 ಡಿಗ್ರಿ ಕೋನದಷ್ಟು ಕಾಣಬೇಕು ಎಂಬುದು ಚಿತ್ರೋದ್ಯಮದಲ್ಲಿ ಬಳಕೆಯಲ್ಲಿರುವ ಒಂದು ಸೂತ್ರ. ಅದನ್ನು ಟೇಪು ಹಿಡಿದು ಅಳೆಯುವ ಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ: ಟಿವಿಯ ಇಂಚನ್ನು 1.6ರಿಂದ ಗುಣಿಸಿ 12ರಿಂದ ಭಾಗಿಸಿದರೆ ದೂರ ಅಡಿಯಲ್ಲಿ ಸಿಗುತ್ತದೆ.

32 ಇಂಚಿಗೆ 4.3 ಅಡಿ
43 ಇಂಚಿಗೆ 5.7 ಅಡಿ
50 ಇಂಚಿಗೆ 6.7 ಅಡಿ
55 ಇಂಚಿಗೆ 7.3 ಅಡಿ
65 ಇಂಚಿಗೆ 8.7 ಅಡಿ

ಇದು ಕಟ್ಟುನಿಟ್ಟಿನ ನಿಯಮವಲ್ಲ, ಒಂದು ಅಂದಾಜು. ಆದರೆ ಅಳೆಯಬೇಕಾದದ್ದು ಗೋಡೆಯಿಂದ ಗೋಡೆಗೆ ಅಲ್ಲ, ಪರದೆಯಿಂದ ಕೂರುವವರ ಕಣ್ಣಿಗೆ. ನಮ್ಮಲ್ಲಿ ಅಬ್ಬಾ ದಿವಾನದ ಮೇಲೆ 8 ಅಡಿ ದೂರದಲ್ಲಿ ಕೂರುತ್ತಾರೆ. ದಾದೀಮಾ ಜಮಖಾನೆಯ ಮೇಲೆ 6 ಅಡಿಯಲ್ಲಿ. ಅಬ್ಬಾನ ಜಾಗಕ್ಕೆ 60 ಇಂಚು ಬರುತ್ತದೆ, ದಾದೀಮಾನ ಜಾಗಕ್ಕೆ 45. ನಡುವಿನ 50 ಇಬ್ಬರಿಗೂ ಒಪ್ಪಿತು. ಅಂಗಡಿಯಲ್ಲಿ ಮಾತ್ರ 65 ಇಂಚಿನ ಪಕ್ಕ ಇಟ್ಟಿದ್ದ 50 ಇಂಚು ಬಡಪಾಯಿಯಂತೆ ಕಾಣುತ್ತಿತ್ತು! ಅಲ್ಲಿನ ಹಾಲ್ ದೊಡ್ಡದು, ಛಾವಣಿ ಎತ್ತರ, ಪಕ್ಕದಲ್ಲಿ ಇನ್ನೂ ದೊಡ್ಡ ಟಿವಿ. ನಮ್ಮ ಮನೆಯ ಗೋಡೆ ಅಂಥದ್ದಲ್ಲ.

ನೀವು ನೋಡುವ ಚಾನೆಲ್ ಯಾವುದು?

ಇದನ್ನು ನಮಗೆ ಯಾರೂ ಕೇಳಲಿಲ್ಲ, ಆದರೆ ಕೇಳಲೇಬೇಕಾದ ಪ್ರಶ್ನೆ ಇದು. 4ಕೆ ಟಿವಿಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿಗಳಿರುತ್ತವೆ. ಒಟ್ಟು 82,94,400. ಸಾಧಾರಣ ಎಸ್‌ಡಿ ಚಾನೆಲ್‌ನ ಚಿತ್ರದಲ್ಲಿ ಹೆಚ್ಚೆಂದರೆ 720 ಮತ್ತು 576, ಒಟ್ಟು 4,14,720. ಭಾಗಿಸಿ ನೋಡಿ, ಸರಿಯಾಗಿ 20 ಪಟ್ಟು. ಅಂದರೆ ಎಸ್‌ಡಿ ಚಾನೆಲ್ ಹಾಕಿದಾಗ 20 ಚುಕ್ಕಿಗಳಲ್ಲಿ ಒಂದಕ್ಕೆ ಮಾತ್ರ ಮಾಹಿತಿ ಬರುತ್ತದೆ, ಉಳಿದ 19ನ್ನು ಟಿವಿ ತಾನೇ ಊಹಿಸಿ ತುಂಬುತ್ತದೆ. ಚಿಕ್ಕ ಪರದೆಯಲ್ಲಿ ಇದು ಗೊತ್ತಾಗುವುದಿಲ್ಲ. ದೊಡ್ಡ ಪರದೆಯಲ್ಲಿ ಮುಖಗಳು ಮೇಣ ಸವರಿದ ಹಾಗೆ ಕಾಣುತ್ತವೆ. "ಹಳೇ ಟಿವಿಯೇ ಚೆನ್ನಾಗಿತ್ತು" ಎಂದು ಮನೆಯ ಹಿರಿಯರು ಹೇಳಿದರೆ ಅವರನ್ನು ನಗಬೇಡಿ, ಅವರ ಕಣ್ಣು ಸರಿಯಾಗಿಯೇ ಇದೆ.

ಇದಕ್ಕೆ ಎರಡು ಉಪಾಯಗಳಿವೆ. ಜೀ ಕನ್ನಡ, ಕಲರ್ಸ್ ಕನ್ನಡದಂಥ ವಾಹಿನಿಗಳಿಗೆ ಎಚ್‌ಡಿ ರೂಪವೂ ಇದೆ. ನಿಮ್ಮ ಮನೆಯವರು ಹೆಚ್ಚು ನೋಡುವ ಎರಡು ಮೂರು ಚಾನೆಲ್‌ಗಳನ್ನಷ್ಟೇ ಎಚ್‌ಡಿಗೆ ಬದಲಿಸಿಕೊಳ್ಳಿ. ಇನ್ನೊಂದು, ಸೆಟ್ ಟಾಪ್ ಬಾಕ್ಸ್‌ನ ಹಳದಿ, ಕೆಂಪು, ಬಿಳಿ ಬಣ್ಣದ ಹಳೆಯ ವಯರ್ ತೆಗೆದು ಎಚ್‌ಡಿಎಂಐ ವಯರ್ ಹಾಕಿ. ಹಳೆಯ ವಯರ್‌ನಲ್ಲಿ ಎಚ್‌ಡಿ ಚಾನೆಲ್ ಕೂಡ ಎಸ್‌ಡಿಯಾಗಿಯೇ ಬರುತ್ತದೆ.

ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೋಡುತ್ತೇವೆ ಎನ್ನುವವರಿಗೆ ಇನ್ನೊಂದು ಲೆಕ್ಕ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ ಎಚ್‌ಡಿಗೆ ಗಂಟೆಗೆ 3 ಜಿಬಿ ವರೆಗೆ, 4ಕೆಗೆ 7 ಜಿಬಿ ವರೆಗೆ ಡೇಟಾ ಬೇಕು. ದಿನಕ್ಕೆ 2 ಜಿಬಿ ಪ್ಯಾಕ್‌ನಲ್ಲಿ ಒಂದು ಸಿನಿಮಾ ಅರ್ಧಕ್ಕೂ ಬರುವುದಿಲ್ಲ.

ಅಂಗಡಿಯಲ್ಲಿ ನೋಡುವುದು ಹೇಗೆ?

ಅಂಗಡಿಯಲ್ಲಿ ಟಿವಿಗಳನ್ನು ಸಾಮಾನ್ಯವಾಗಿ 'ವಿವಿಡ್' ಅಥವಾ 'ಸ್ಟೋರ್' ಮೋಡ್‌ನಲ್ಲಿ ಇಟ್ಟಿರುತ್ತಾರೆ. ಬೆಳಕು, ಬಣ್ಣ ಎರಡೂ ಗರಿಷ್ಠ. ಓಡುವುದು ಕಂಪನಿಯದೇ ವಿಡಿಯೋ: ಹಕ್ಕಿ, ಹೂವು, ಸಮುದ್ರ. ಅದರಲ್ಲಿ ಎಲ್ಲ ಟಿವಿಯೂ ಚೆನ್ನಾಗಿಯೇ ಕಾಣುತ್ತದೆ. ನಾನು ಒಂದು ಪೆನ್ ಡ್ರೈವ್ ತೆಗೆದುಕೊಂಡು ಹೋಗಿದ್ದೆ. ಅದರಲ್ಲಿ ಇದ್ದದ್ದು ಮೂರೇ: ಮೊಬೈಲ್‌ನಲ್ಲಿ ತೆಗೆದ ನಮ್ಮ ಮೈದಾನದ ಕ್ರಿಕೆಟ್ ವಿಡಿಯೋ, ರಾತ್ರಿ ಹೊತ್ತು ತೆಗೆದ ಒಂದು ವಿಡಿಯೋ, ಮನೆಯವರ ಫೋಟೋ. ಅಂಗಡಿಯವರಿಗೆ ಮೋಡ್ ಬದಲಿಸಿ 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್' ಹಾಕಲು ಹೇಳಿ, ಹೀಗೆ ಪರೀಕ್ಷೆ ಮಾಡಿ.

ಕ್ಯಾಮೆರಾ ಮೈದಾನದ ಮೇಲೆ ಅತ್ತಿಂದಿತ್ತ ಹೋಗುವಾಗ ಪರದೆಯ ಒಂದೇ ಜಾಗದಲ್ಲಿ ಮಸುಕು ಪಟ್ಟಿ, ಕೊಳೆಯಂಥ ಕಲೆ ನಿಂತಿರುತ್ತದೆಯೇ? ಹಾಗಿದ್ದರೆ ಆ ಪ್ಯಾನೆಲ್‌ನ ಬೆಳಕು ಸಮನಾಗಿಲ್ಲ. ರಾತ್ರಿಯ ವಿಡಿಯೋದಲ್ಲಿ ಕಪ್ಪು ಕಪ್ಪಾಗಿಯೇ ಇದೆಯೇ, ಬೂದಿ ಬಣ್ಣಕ್ಕೆ ತಿರುಗಿದೆಯೇ? ಮನೆಯವರ ಮುಖದ ಬಣ್ಣ ನಿಮಗೆ ಗೊತ್ತಿರುವ ಬಣ್ಣವೇ? ಹಕ್ಕಿಯ ನಿಜವಾದ ಬಣ್ಣ ನಮಗೆ ಗೊತ್ತಿಲ್ಲ, ಅಮ್ಮಿಯ ಮುಖದ ಬಣ್ಣ ಗೊತ್ತಿದೆ.

ನಂತರ ಪಕ್ಕಕ್ಕೆ ಸರಿದು ನೋಡಿ. ಸಾಮಾನ್ಯ ಎಲ್‌ಇಡಿ ಟಿವಿಗಳಲ್ಲಿ ಎರಡು ಬಗೆಯ ಪ್ಯಾನೆಲ್ ಇರುತ್ತವೆ. 'ವಿಎ' ಎನ್ನುವುದರಲ್ಲಿ ಕಪ್ಪು ಗಾಢ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ. 'ಐಪಿಎಸ್' ಎನ್ನುವುದರಲ್ಲಿ ಪಕ್ಕದಿಂದಲೂ ಬಣ್ಣ ಉಳಿಯುತ್ತದೆ, ಕಪ್ಪು ಮಾತ್ರ ಅಷ್ಟು ಗಾಢವಲ್ಲ. ಹತ್ತು ಜನ ಅಡ್ಡಾದಿಡ್ಡಿ ಕುಳಿತು ನೋಡುವ ಮನೆಗೆ ಎರಡನೆಯದು ಹೊಂದುತ್ತದೆ. ಎದುರಿಗೆ ಇಬ್ಬರೇ ಕುಳಿತು ರಾತ್ರಿ ಸಿನಿಮಾ ನೋಡುವ ಮನೆಗೆ ಮೊದಲನೆಯದು.

ಬಿಸಿಲು, ಎತ್ತರ, ಧ್ವನಿ

ನಮ್ಮ ವಿಜಯಪುರದ ಬಿಸಿಲು ನಿಮಗೇ ಗೊತ್ತು. ಬಾಗಿಲ ಎದುರಿನ ಗೋಡೆಗೆ ಟಿವಿ ಹಾಕಿದರೆ ಮಧ್ಯಾಹ್ನ ಪರದೆಯಲ್ಲಿ ಬೀದಿಯೇ ಕಾಣುತ್ತದೆ. ಬಾಗಿಲು, ಕಿಟಕಿಗೆ ಅಡ್ಡವಾಗಿರುವ ಗೋಡೆ ಒಳ್ಳೆಯದು.

ಎತ್ತರದ ವಿಷಯವೂ ಮುಖ್ಯ. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಹತ್ತಿರ ಇರಬೇಕು. ನೆಲದ ಮೇಲೆ ಕೂತವರ ಕಣ್ಣು ಸುಮಾರು ಎರಡೂವರೆ ಅಡಿ ಎತ್ತರದಲ್ಲಿ ಇರುತ್ತದೆ. ಆದರೆ ಐದಾರು ಅಡಿ ಮೇಲೆ ಮೊಳೆ ಹೊಡೆಯುವುದೇ ಹೆಚ್ಚು. ಜಮಖಾನೆಯಲ್ಲಿ ಕುಳಿತು ಮೂರು ಗಂಟೆ ಕತ್ತೆತ್ತಿ ನೋಡಿದರೆ ಕುತ್ತಿಗೆ ನೋಯದೆ ಇರುತ್ತದೆಯೇ? ನಾವು ಕೆಳಗೆ ಸ್ಟ್ಯಾಂಡ್ ಮೇಲೆಯೇ ಇಟ್ಟೆವು.

ತೆಳುವಾದ ಟಿವಿಯಲ್ಲಿ ಸ್ಪೀಕರ್ ಕೂಡ ಚಿಕ್ಕದು. ಅದರ ಧ್ವನಿ ಬಹಳಷ್ಟು ಸಲ ಕೆಳಮುಖವಾಗಿ ಬರುತ್ತದೆ. ಮೇಲಾಗಿ ನಮ್ಮ ಮನೆಗಳಲ್ಲಿ ಕಲ್ಲಿನ ನೆಲ, ಬರಿಯ ಗೋಡೆ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹಲವು ಸಲ ಕೇಳುವುದು ಗಟ್ಟಿ ಗೋಡೆ ಧ್ವನಿಯನ್ನು ಹೀರದೆ ವಾಪಸ್ ಕಳಿಸುವುದರಿಂದ. ಅದೇ ಕೆಲಸ ಸಣ್ಣ ಪ್ರಮಾಣದಲ್ಲಿ ನಮ್ಮ ಹಾಲ್‌ನಲ್ಲೂ ನಡೆದು ಮಾತು ಗೊಜಗೊಜ ಆಗುತ್ತದೆ. ಸೌಂಡ್‌ಬಾರ್‌ಗೆ ಹಣ ಹಾಕುವ ಮೊದಲು ದಪ್ಪ ಪರದೆ, ಜಮಖಾನೆ ಹಾಕಿ ನೋಡಿ. ಮಾತು ಸ್ಪಷ್ಟವಾಗುತ್ತದೆ.

'ನೋ ಕಾಸ್ಟ್' ಕಂತು, ಕರೆಂಟ್ ಬಿಲ್

ನಮ್ಮ ಮನೆಯಲ್ಲಿ ಬಡ್ಡಿ ಕೊಡುವುದಕ್ಕೆ ಒಪ್ಪುವುದಿಲ್ಲ. ಅಂಗಡಿಯಲ್ಲಿ "ನೋ ಕಾಸ್ಟ್ ಇಎಂಐ, ಬಡ್ಡಿಯೇ ಇಲ್ಲ" ಎಂದಾಗ ಅಬ್ಬಾ ನನ್ನ ಮುಖ ನೋಡಿದರು. ಬೇರೆ ಧರ್ಮದ ಗೆಳೆಯರಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಂದು ಟಿವಿಗೆ ತಿಂಗಳಿಗೆ 3,000ದಂತೆ 12 ಕಂತು, ಒಟ್ಟು 36,000 ಎಂದುಕೊಳ್ಳಿ. "ಪೂರ್ತಿ ನಗದು ಕೊಟ್ಟರೆ ಎಷ್ಟು?" ಎಂದು ಕೇಳಿ. 34,000 ಎಂದರೆ ಆ 2,000ವೇ ಬಡ್ಡಿ, ಹೆಸರು ಮಾತ್ರ ಬೇರೆ. ಇದರ ಮೇಲೆ ಪ್ರೊಸೆಸಿಂಗ್ ಫೀ ಇರಬಹುದು. ಶೂನ್ಯ ಬಡ್ಡಿ ಎಂಬುದು ನಿಜದಲ್ಲಿ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಾವು ಅಮ್ಮಿ ಭಿಶಿಯಲ್ಲಿ ಕೂಡಿಸಿದ ಹಣದಲ್ಲಿ ನಗದು ಕೊಟ್ಟೆವು. 55 ಇಂಚಿಗೆ ಹೋಗದಿರಲು ಅದೂ ಒಂದು ಕಾರಣ.

ಇನ್ನು ಕರೆಂಟ್. ಗೃಹಜ್ಯೋತಿ ಇದೆ, ಬಿಲ್ ಬರುವುದಿಲ್ಲ ಎಂದು ಹಲವರು ಅಂದುಕೊಂಡಿದ್ದಾರೆ. ಆದರೆ ಉಚಿತ ಸಿಗುವುದು ಎಲ್ಲರಿಗೂ 200 ಯೂನಿಟ್ ಅಲ್ಲ. 2022-23ರ ನಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಹೆಚ್ಚುವರಿ ಮಾತ್ರ. ಅದಕ್ಕಿಂತ ಹೆಚ್ಚು ಉರಿಸಿದ ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. 50 ವ್ಯಾಟ್‌ನ ಹಳೆಯ ಟಿವಿ ದಿನಕ್ಕೆ 5 ಗಂಟೆ ಓಡಿದರೆ ತಿಂಗಳಿಗೆ 7.5 ಯೂನಿಟ್. 120 ವ್ಯಾಟ್‌ನ ದೊಡ್ಡದು ಅಷ್ಟೇ ಹೊತ್ತು ಓಡಿದರೆ 18 ಯೂನಿಟ್. ಹೆಚ್ಚಾದದ್ದು 10.5. ನಿಮ್ಮ ಉಚಿತ ಮಿತಿಯಲ್ಲಿ ಅಷ್ಟು ಜಾಗ ಇದೆಯೇ ಎಂದು ಹೆಸ್ಕಾಂ ಬಿಲ್ ತೆಗೆದು ನೋಡಿ. ವಿವಿಡ್ ಮೋಡ್ ತೆಗೆದು ಬೆಳಕು ಕಡಿಮೆ ಮಾಡಿದರೆ ಕಣ್ಣಿಗೂ ಹಿತ, ಮೀಟರಿಗೂ ಹಿತ.

ಬಿಲ್‌ನಲ್ಲಿ ಬರದ ಖರ್ಚು

ನಾವು ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವೆ. ಒಂದನ್ನು ಆರಿಸಿದಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆ ಅದು. ನಮ್ಮಲ್ಲಿ ಅನೇಕರ ಮನೆಯಲ್ಲಿ ಹಾಲ್ ಒಂದೇ. ಟಿವಿ ಅಲ್ಲೇ, ಊಟ ಅಲ್ಲೇ, ಓದುವುದೂ ಅಲ್ಲೇ. ನಾನು ದ್ವಿತೀಯ ಪಿಯುಸಿಯ ಅಕೌಂಟೆನ್ಸಿ ಲೆಕ್ಕ ಮಾಡುವುದು ಆ ಟಿವಿಯ ಎದುರಿನ ಜಮಖಾನೆಯ ಮೇಲೆಯೇ. 32 ಇಂಚಿನ ಟಿವಿಗೆ ಬೆನ್ನು ಮಾಡಿ ಓದಬಹುದಿತ್ತು. 50 ಇಂಚಿನ ಬೆಳಕು ಎದುರು ಗೋಡೆಯ ಮೇಲೂ ಕುಣಿಯುತ್ತದೆ. ಐಪಿಎಲ್‌ನ ಸಂಜೆಯ ಪಂದ್ಯ ಶುರುವಾಗುವುದು 7.30ಕ್ಕೆ, ನನ್ನ ಓದು ಶುರುವಾಗುವುದೂ ಆಗಲೇ.

ಇದನ್ನು ನಾವು ಟಿವಿ ತರುವ ಮೊದಲೇ ಮಾತಾಡಿಕೊಂಡೆವು. ಪರೀಕ್ಷೆ ಮುಗಿಯುವವರೆಗೆ 7.30ರಿಂದ 9.30ರ ತನಕ ಟಿವಿ ಬಂದ್. ದಾದೀಮಾನ ಧಾರಾವಾಹಿ ಮರುಪ್ರಸಾರದಲ್ಲಿ, ಮಧ್ಯಾಹ್ನ. ಆರ್‌ಸಿಬಿ ಪಂದ್ಯ ಇದ್ದ ದಿನ ನಾನು ಬೆಳಿಗ್ಗೆ ಫಜರ್ ಆದಮೇಲೆ ಎರಡು ಗಂಟೆ ಓದಬೇಕು. ಅಬ್ಬಾ ಈ ಒಪ್ಪಂದವನ್ನು ಕ್ಯಾಲೆಂಡರ್ ಹಿಂದೆ ಬರೆಸಿ ಎಲ್ಲರ ಸಹಿ ಹಾಕಿಸಿದ್ದಾರೆ. ದಾದೀಮಾ ಉರ್ದುವಿನಲ್ಲಿ ಸಹಿ ಮಾಡಿದ್ದಾರೆ.

ಕೊಂಡ ಮೇಲೆ

ಜಿಎಸ್‌ಟಿ ನಂಬರ್ ಮತ್ತು ಟಿವಿಯ ಸೀರಿಯಲ್ ನಂಬರ್ ಇರುವ ಪಕ್ಕಾ ಬಿಲ್ ಪಡೆಯಿರಿ. ಅದರ ಶಾಯಿ ಮಾಸುತ್ತದೆ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಹಿಂಭಾಗದಲ್ಲಿ ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಪರಿಶೀಲಿಸಬಹುದು. ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಪೆಟ್ಟು ಬಿದ್ದು ಒಡೆದ ಪರದೆಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ, ಆದ್ದರಿಂದ ಅದು ಬಂದಾಗಲೇ ಒಡೆದಿತ್ತು ಎಂಬುದಕ್ಕೆ ಸಾಕ್ಷಿ ಬೇಕು. ಧೂಳನ್ನು ಒಣ ಮೃದು ಬಟ್ಟೆಯಿಂದ ಒರೆಸಿ, ಗಾಜು ಒರೆಸುವ ಸ್ಪ್ರೇ ಹಾಕಬೇಡಿ.

ತೊಂದರೆ ಬಂದು ಅಂಗಡಿಯವರಾಗಲಿ ಕಂಪನಿಯವರಾಗಲಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದ ಒಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿನ ದೂರಿಗೆ ಶುಲ್ಕವಿಲ್ಲ.

ನಿಮ್ಮ ಮನೆಯಲ್ಲೂ ದೊಡ್ಡ ಟಿವಿಯ ಮಾತು ನಡೆದಿದ್ದರೆ ಅಂಗಡಿಗೆ ಹೋಗುವ ಮುನ್ನ ಒಂದು ಟೇಪು, ಒಂದು ಪೆನ್ ಡ್ರೈವ್, ಕಳೆದ ತಿಂಗಳ ಕರೆಂಟ್ ಬಿಲ್ ಈ ಮೂರನ್ನು ಹೊಂದಿಸಿಕೊಳ್ಳಿ. ಯಾರು ಎಲ್ಲಿ ಕೂರುತ್ತಾರೆ, ಏನು ನೋಡುತ್ತಾರೆ, ಯಾರು ಯಾವಾಗ ಓದುತ್ತಾರೆ ಎಂದು ಮನೆಯವರೆಲ್ಲ ಒಮ್ಮೆ ಕುಳಿತು ಮಾತಾಡಿ. ಎಷ್ಟು ಇಂಚು ಬೇಕು ಎಂಬುದು ಆ ಮಾತಿನಲ್ಲೇ ಗೊತ್ತಾಗುತ್ತದೆ.