ಮೇಲ್ ಸರ್ವರಿನ ಸಂಪರ್ಕ ಮುಗಿಸುವ ಕ್ರಮ

ಬೇತಮಂಗಲದಿಂದ ಕೋಲಾರ ಚಿನ್ನದ ಗಣಿಗಳಿಗೆ ಪಾಲಾರ್ ನದಿಯ ನೀರು ಒಯ್ಯುತ್ತಿದ್ದಂಥ ಉದ್ದನೆಯ ಕೊಳವೆಯ ಕವಾಟವನ್ನು ಥಟ್ಟನೆ ಮುಚ್ಚಿದರೆ ಹರಿವಿನ ಒತ್ತಡಕ್ಕೆ ಕೊಳವೆಯೇ ಒಡೆಯಬಹುದಾದ್ದರಿಂದ ಅದನ್ನು ನಿಧಾನವಾಗಿ ತಿರುಗಿಸುವಂತೆ, ದುರಸ್ತಿಗಾಗಿ ಮೇಲ್ ಸರ್ವರನ್ನು ನಿಲ್ಲಿಸುವಾಗಲೂ ಸೆಷನ್‌ಗಳನ್ನು, ಅಂದರೆ ಬಳಕೆದಾರರು ಲಾಗಿನ್ ಆಗಿ ತೆರೆದಿಟ್ಟ ಸಂಪರ್ಕಗಳನ್ನು, ಹಂತಹಂತವಾಗಿ ಮುಗಿಸಬೇಕಾಗುತ್ತದೆ. ಮೊದಲು ಹೊಸ ಲಾಗಿನ್‌ಗಳನ್ನು ತಡೆದು, ನಡೆಯುತ್ತಿರುವ ಕೆಲಸ ಪೂರೈಸಲು ಅವಕಾಶ ಕೊಟ್ಟು, ಬಳಿಕ ಅಂಚೆಪೆಟ್ಟಿಗೆಯನ್ನು ಓದಲು ಬಳಸುವ ಐಮ್ಯಾಪ್ ನಿಯಮಾವಳಿಯಂತೆ ‘ಬೈ’ ಎಂಬ ಸೂಚನೆ ಕಳುಹಿಸಿ ಸಂಪರ್ಕ ಕಡಿಯುವುದು ಕ್ರಮ. ಪತ್ರಗಳನ್ನು ಸಾಗಿಸುವ ಎಸ್‌ಎಂಟಿಪಿಯಲ್ಲಾದರೆ 421 ಎಂಬ ಸಂಕೇತವು ಸೇವೆ ಸದ್ಯಕ್ಕಿಲ್ಲವೆಂದು ತಿಳಿಸುವುದರಿಂದ, ಕಳುಹಿಸುವ ಸರ್ವರ್ ಪತ್ರವನ್ನು ಸರದಿಯಲ್ಲಿರಿಸಿಕೊಂಡು ಮತ್ತೆ ಯತ್ನಿಸುತ್ತದೆ. ಸೆಷನ್‌ಗಳು ಮುಗಿಯಲೆಂದು ಕಾಯುವ ಅವಧಿಗೆ ಮಿತಿ ಇರಲೇಬೇಕು, ಏಕೆಂದರೆ ಹೊಸ ಪತ್ರದ ನಿರೀಕ್ಷೆಯಲ್ಲಿ ಸಂಪರ್ಕ ಹಿಡಿದೇ ಕುಳಿತ ಮೊಬೈಲ್‌ಗಳು ತಾವಾಗಿ ಬಿಡುವುದು ಅಪರೂಪ.