ಸೃಷ್ಟಿಯ ಸ್ತಂಭಗಳು

ಭೂಮಿಯಿಂದ ಸುಮಾರು 6,500 ಜ್ಯೋತಿರ್ವರ್ಷ ದೂರದ ಈಗಲ್ ನೀಹಾರಿಕೆಯಲ್ಲಿ ಅನಿಲ ಮತ್ತು ದೂಳಿನ ಮೂರು ಕಂಬಗಳಿವೆ. 1995ರ ಏಪ್ರಿಲ್ 1ರಂದು ಹಬಲ್ ದೂರದರ್ಶಕ ಇವುಗಳ ಚಿತ್ರ ತೆಗೆಯಿತು. ಎಡಗಡೆಯ ಎತ್ತರದ ಕಂಬವೊಂದೇ ಸುಮಾರು 4 ಜ್ಯೋತಿರ್ವರ್ಷ ಉದ್ದ. ಅಂದರೆ ಬುಡದಿಂದ ತುದಿಯವರೆಗಿನ ದೂರ ಕ್ರಮಿಸಲು ಬೆಳಕಿಗೇ ನಾಲ್ಕು ವರ್ಷ ಬೇಕು!

ಚಿತ್ರದ ಬಣ್ಣಗಳು ಬರಿಗಣ್ಣಿಗೆ ಕಾಣುವಂಥವಲ್ಲ. ಹಬಲ್ ಕ್ಯಾಮೆರಾ ಬೇರೆ ಬೇರೆ ಫಿಲ್ಟರ್ ಹಾಕಿ ತೆಗೆದದ್ದು ಕಪ್ಪು-ಬಿಳುಪು ಚಿತ್ರಗಳನ್ನು. ಆಮೇಲೆ ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟು ಜೋಡಿಸಲಾಯಿತು. ಇದು ಬರೀ ಅಲಂಕಾರವಲ್ಲ, ಯಾವ ಅನಿಲ ಎಲ್ಲಿ ಹೊಳೆಯುತ್ತಿದೆ ಎಂಬುದರ ನಕಾಶೆ. ಚಿತ್ರದ ಒಂದು ಮೂಲೆ ಮೆಟ್ಟಿಲಿನಂತೆ ಕತ್ತರಿಸಿಹೋಗಿದೆ. ಕ್ಯಾಮೆರಾದ ನಾಲ್ಕು ಭಾಗಗಳಲ್ಲಿ ಒಂದು ಆಕಾಶವನ್ನು ಹೆಚ್ಚು ಹಿಗ್ಗಿಸಿ ನೋಡುತ್ತಿತ್ತು. ಉಳಿದ ಮೂರಕ್ಕೆ ಹೊಂದಿಸಲು ಅದರ ಚಿತ್ರವನ್ನು ಕುಗ್ಗಿಸಿದಾಗ ಉಳಿದ ಖಾಲಿ ಜಾಗವದು.

ಹತ್ತಿರದ ಬಿಸಿ ನಕ್ಷತ್ರಗಳ ಅತಿನೇರಳೆ ಕಿರಣಗಳು ಕಂಬಗಳನ್ನು ನಿಧಾನವಾಗಿ ಸವೆಸುತ್ತಿವೆ. ತುದಿಗಳಿಂದ ಹಬೆಯಂತೆ ಏಳುತ್ತಿರುವುದು ಆ ಅನಿಲವೇ.

2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಇದೇ ಜಾಗವನ್ನು ಅವಕೆಂಪು ಬೆಳಕಿನಲ್ಲಿ ನೋಡಿತು. ದೂಳಿನ ಬಹುಪಾಲನ್ನು ಹಾದು ಬರುವ ಈ ಬೆಳಕಿನಲ್ಲಿ, ಕಂಬಗಳ ಅಂಚಿನಲ್ಲಿ ಆಗಷ್ಟೇ ರೂಪುಗೊಂಡ ನಕ್ಷತ್ರಗಳು ಕೆಂಪು ಚುಕ್ಕೆಗಳಾಗಿ ಕಂಡವು. ಅಲ್ಲಿನ ಕಡುಗೆಂಪು ಅಲೆಗಳು, ಇನ್ನೂ ಬೆಳೆಯುತ್ತಿರುವ ನಕ್ಷತ್ರಗಳು ಚಿಮ್ಮಿಸಿದ ಅನಿಲ ಸುತ್ತಲ ಮೋಡಕ್ಕೆ ಅಪ್ಪಳಿಸಿದ ಗುರುತುಗಳು.