ಕುದುರೆಯ ಗತಿಯೂ ಸಂಗೀತದ ಲಯವೂ
ಕುದುರೆಯ ಶಿಕ್ಷಿತ ನಡೆಯನ್ನು ಪರೀಕ್ಷಿಸುವ ಡ್ರೆಸಾಜ್ ಎಂಬ ಒಲಿಂಪಿಕ್ ಸ್ಪರ್ಧೆಯಲ್ಲಿ 1996ರಿಂದ ಸಂಗೀತದೊಡನೆ ಮಾಡುವ ಸವಾರಿಯೂ ಸೇರಿದೆ. ಕುದುರೆಯು ತಾಳಕ್ಕೆ ಕುಣಿಯುತ್ತದೆಂದು ನಾವು ಭಾವಿಸುವುದುಂಟು. ವಸ್ತುತಃ ತಾಳವನ್ನೇ ಕುದುರೆಗೆ ಹೊಂದಿಸಲಾಗುತ್ತದೆ. ವಾಕ್ ಎಂಬ ನಡಿಗೆಯಲ್ಲಿ ಗೊರಸುಗಳು ಒಂದೊಂದಾಗಿ ನೆಲವನ್ನು ಮುಟ್ಟುವುದರಿಂದ ನಾಲ್ಕು ಪೆಟ್ಟುಗಳು. ಟ್ರಾಟ್‌ನಲ್ಲಿ ಕರ್ಣರೇಖೆಯ ಕಾಲುಗಳು ಜೋಡಿಯಾಗಿ ಬೀಳುವುದರಿಂದ ಎರಡು. ಕ್ಯಾಂಟರ್‌ನಲ್ಲಿ ಮೂರು, ಬಳಿಕ ನಾಲ್ಕು ಕಾಲೂ ನೆಲ ಬಿಟ್ಟ ಒಂದು ಕ್ಷಣ. ಆದುದರಿಂದ ಪ್ರತಿಯೊಂದು ಗತಿಯಲ್ಲಿಯೂ ನಿಮಿಷಕ್ಕೆ ಬೀಳುವ ಹೆಜ್ಜೆಗಳನ್ನು ಮೊದಲು ಎಣಿಸಿ, ಅನಂತರವೇ ಆ ವೇಗದ ಕೃತಿಯನ್ನು ಆರಿಸತಕ್ಕದ್ದು. ಈ ಕ್ರಮವು ತಲೆಕೆಳಗಾದರೆ ಸವಾರನು ತಾಳವನ್ನು ಹಿಡಿಯಲು ಕುದುರೆಯನ್ನು ಅವಸರಪಡಿಸುವನು. ಅದರ ಸಹಜಲಯವು ಕೆಡುವುದು. ಡ್ರೆಸಾಜ್ ಶಿಕ್ಷಣದ ಮೊದಲ ಮೆಟ್ಟಿಲೇ ಆ ಲಯ. ಪಕ್ಕವಾದ್ಯವು ಗಾಯಕನನ್ನು ಅನುಸರಿಸುವಂತೆ ಇಲ್ಲಿ ಸಂಗೀತವು ಕುದುರೆಯನ್ನು ಅನುಸರಿಸಬೇಕೆಂದು ನಾವು ತಿಳಿಯಬೇಕು.